ಗಂಗವ್ವನ ಹದಿನೆಂಟು ಮಕ್ಕಳು

ಕುಷ್ಟಗಿ
ಶ್ರೀಮುಖ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ, ಮಂಗಳವಾರ
೭ ನವೆಂಬರ್ ೧೯೩೩

ಪ್ರೀತಿಯ ಸೊಸೆ ಚಿ. ಸೌ. ಶೇಖರಮ್ಮನಿಗೆ,

ನಿನ್ನ ಮಾವ ಹೇಮಪ್ಪ ಪಡಸಾಲೆಯಲ್ಲಿ ಕುಳಿತು, ಕೈಯೆತ್ತಿ, ಮನಸ್ಸು ತುಂಬಿ ಹರಸುತ್ತಿದ್ದಾನೆ. ಮೊದಲು ನಿನ್ನ ಮೈ ಹೇಗಿದೆ ಅದನ್ನು ತಿಳಿಸು. ಎಂಟನೆಯ ತಿಂಗಳು ಬಿದ್ದಿದೆ. ಕಾಲು ಬಾತಿವೆಯೇ? ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಒಳಗಿರುವವರು ಗಂಡಾಗಲಿ ಹೆಣ್ಣಾಗಲಿ, ಒದೆಯುವುದರಲ್ಲಿ ಅಜ್ಜನ ಹಾಗೆ ಗಟ್ಟಿಯಿದ್ದಾರೆಯೇ? ಎಡಮಗ್ಗುಲಿಗೆ ಮಲಗಬೇಕಂತೆ, ಸಂಜೆಯ ಹೊಳೆಗಾಳಿಗೆ ತಲೆಯ ಮೇಲೆ ಸೆರಗಿಲ್ಲದೆ ಕೂಡಬಾರದಂತೆ, ತುಂಬಿದ ಕೊಡ ಎತ್ತಬಾರದಂತೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನಿನ್ನ ಅತ್ತೆ. “ನಾ ಹೇಳೀನಿ ಅಂತ ಬರೀಬ್ಯಾಡ್ರಿ” ಎಂದೂ ಹೇಳಿದಳು. ಬರೆದುಬಿಟ್ಟೆ, ಇನ್ನು ಅಳಿಸಿದರೆ ಕಾಗದ ಹೊಲಸಾಗುತ್ತದೆ. ಈ ಕಾಗದವನ್ನು ನೀನೇ ಓದು, ಅಣ್ಣನ ಕೈಗೆ ಕೊಟ್ಟು ಓದಿಸಬೇಡ. ನಿನ್ನ ಅಪ್ಪ ನಿನಗೆ ಅಕ್ಷರ ಕಲಿಸಿದ್ದು ಇಂಥದಕ್ಕೇ ಇರಬೇಕು. ಮೂವತ್ತೊಂದು ವರ್ಷ ಗಿರ್ದಾವರನಾಗಿ ಹಳ್ಳಿ ಹಳ್ಳಿ ತಿರುಗಿ, ಹೊಲಗಳ ತಪಾಸಣೆ ಮಾಡಿ, ತಹಸೀಲಿಗೆ ವರದಿ ಬರೆದ ಕೈ ಇದು. ಸೊಸೆಗೆ ಕಾಗದ ಬರೆದ ರೂಢಿ ಇದಕ್ಕಿಲ್ಲ. ಅಲ್ಲಲ್ಲಿ ಪಂಚನಾಮೆಯ ಹಾಗೆ ಕಂಡರೆ ನಕ್ಕು ಬಿಡು.

ನೀನು ಚೌತಿಗೆಂದು ವಿರೂಪಾಪುರಗಡ್ಡೆಗೆ ಹೋದವಳು. ದಸರೆ ಹೋಯಿತು, ದೀಪಾವಳಿ ಹೋಯಿತು, ಮೊನ್ನೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯೂ ಆಗಿ ಹೋಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಏಳನೆಯ ತಿಂಗಳಲ್ಲಿ ಇಲ್ಲಿ ಕುಬಸದ ಶಾಸ್ತ್ರ ಮಾಡಿಸಿಕೊಂಡು, ಹಸಿರು ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ಹೋಗಬೇಕಾದವಳು ಐದರಲ್ಲೇ ಹೋದೆ. ಅದೂ ಅತ್ತೆಯ ಮುಖ ನೋಡದೆ ಬಂಡಿ ಹತ್ತಿದೆ. ಕೊನೆಗೆ ಆ ಹಸಿರು ಸೀರೆಯನ್ನು ನಿನ್ನ ಗಂಡ ಕಳಕಪ್ಪನೇ ಹೊತ್ತು ತಂದು ಕೊಟ್ಟ. ಅಲ್ಲಿಂದ ಮರಳಿ ಬಂದ. ಮೂರನೆಯ ದಿನ ನೀನು ಹೇಳಿ ಕಳಿಸಿದ ಮಾತನ್ನು ತಾಯಿಯ ಎದುರಿಗೇ ಆಡಿಬಿಟ್ಟ. “ಹಡದ ಮ್ಯಾಲೆ ನನ್ನ ಕೂಸಿಗೆ ಅತ್ತಿ ಕೈ ಮುಟ್ಟಬಾರದು. ಆ ಕೈ ಜೀವ ತಗದೈತಿ.” ನಿನ್ನ ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಕೇಳಿದಳು, ಮೊರ ಕೆಳಗಿಟ್ಟಳು, ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡಳು. ಮೊಮ್ಮಗುವಿಗೆಂದು ದೇವರ ಮಾಡದಲ್ಲಿ ಇಟ್ಟಿದ್ದ ಬೆಳ್ಳಿಯ ಕಾಲ್ಗಡಗವನ್ನು ಅಂದೇ ತೆಗೆದು ಟ್ರಂಕಿನ ತಳಕ್ಕೆ ಹಾಕಿದಳು. ಅಳಲಿಲ್ಲ, ಬೈಯಲಿಲ್ಲ. ನಿನ್ನ ಅತ್ತೆ ವಿರೂಪಾಕ್ಷಮ್ಮ ಬೈಯದೆ ಒಂದು ದಿನ ಕಳೆದದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ, ಆದ್ದರಿಂದ ಹೆದರಿದೆ.

ಈಗ ಮೀನಿನ ಮಾತಿಗೆ ಬರುತ್ತೇನೆ. ಆ ಗಾಜಿನ ಪೆಟ್ಟಿಗೆ ನಮ್ಮ ಮನೆಗೆ ಬಂದ ದಿನ ನಾನು ಆಡಿದ ಮಾತು ನಿನಗೆ ನೆನಪಿದ್ದೇ ಇರುತ್ತದೆ. ಹೊಳೆಯ ನಡುವಿನ ಗಡ್ಡೆಯಲ್ಲಿ, ಭತ್ತದ ಗದ್ದೆಯ ನೀರಿನಲ್ಲಿ ಸೆರಗು ಹಾಸಿ ಮೀನು ಹಿಡಿದು ಆಡಿ ಬೆಳೆದವಳು ನೀನು. ಈ ಎರೆಹೊಲದ ಊರಿಗೆ ಬಂದು ಬಾಡಿದೆ ಎಂದು ಕಳಕಪ್ಪ ನಮ್ಮ ಮಕ್ಬುಲಸಾಬನಿಗೆ ಹೇಳಿ ಪೆಟ್ಟಿಗೆ ಮಾಡಿಸಿದ. ಮಕ್ಬುಲಸಾಬ ನಮ್ಮ ಓಣಿಯಲ್ಲೇ ಕಂದೀಲು ರಿಪೇರಿ, ತಗಡಿನ ಕೆಲಸ ಮಾಡಿಕೊಂಡಿದ್ದರೂ ಹುಟ್ಟಿದ್ದು ಹೊಳೆದಂಡೆಯಲ್ಲಿ. ಮೀನಿನ ಗುಣ ಬಲ್ಲವನು. ಹಳೆಯ ಕಪಾಟಿನ ಗಾಜು ಕೊಯ್ದು, ತಗಡಿನ ಚೌಕಟ್ಟಿಗೆ ಕೂಡಿಸಿ, ಅಗಸೆ ಎಣ್ಣೆಯಲ್ಲಿ ಸುಣ್ಣ ಅರೆದು ಸಂದಿಗೆ ಮೆತ್ತಿ, ಹದಿನೈದು ದಿನ ನೀರು ತುಂಬಿ ತುಂಬಿ ಚೆಲ್ಲಿ ಕೊಟ್ಟ. ನೀನು ತವರಿನಿಂದ ಹದಿನಾಲ್ಕು ಮೀನು ತಂದು ಬಿಟ್ಟೆ. ನಾನು ರುಮಾಲು ಬಿಚ್ಚುತ್ತ ಒಳಗೆ ಬಂದವನು, “ಇದೇನು ಮನೀನೋ ಮೀನ ಬಜಾರೋ? ಸುಮ್ಮನ ಬಿಟ್ಟರ ನಾಳೆ ಮಸಾಲಿನೂ ಅರೀತೀರಿ” ಎಂದು ಕೂಗಾಡಿದೆ. ನೀನು ಎದುರಾಡದೆ ಪೆಟ್ಟಿಗೆಯ ಮೇಲೆ ಒಂದು ಹಳೆಯ ಕುಪ್ಪಸದ ಬಟ್ಟೆ ಹೊದಿಸಿದೆ. ನಾನು ಮನೆಯಲ್ಲಿಲ್ಲದಾಗ ಮಾತ್ರ ಅದು ಸರಿಯುತ್ತಿತ್ತೆಂದು ನನಗೆ ಆಮೇಲೆ ತಿಳಿಯಿತು.

ಆಮೇಲೆ ಶ್ರಾವಣದ ಅಮಾವಾಸ್ಯೆಯ ಸೂರ್ಯಗ್ರಹಣ. ಬಸುರಿ ಹೆಂಗಸು ಗ್ರಹಣ ನೋಡಬಾರದೆಂದು ನಿನ್ನನ್ನು ಕತ್ತಲೆ ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದ್ದಾಯಿತು. ಒಳಗೆ ಹೋಗುವ ಮೊದಲು ನೀನು ಮೀನಿನ ಪೆಟ್ಟಿಗೆಯ ಮೇಲೆ ಗರಿಕೆ ಇಟ್ಟು, “ಗರಿಕಿ ಹಾಕೀನಿ, ಇದರ ನೀರ ಚೆಲ್ಲಬ್ಯಾಡ್ರಿ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೆ. ಮುಂಜಾನೆ ಹಿಡಿದ ಗ್ರಹಣ ಮಧ್ಯಾಹ್ನಕ್ಕೆ ಬಿಟ್ಟಿತು. ಬಿಟ್ಟ ಮೇಲೆ ಮನೆಯ ಹಂಡೆ, ಗುಡಾಣ, ಕೊಡಗಳ ನೀರೆಲ್ಲ ಪದ್ಧತಿಯಂತೆ ಅಂಗಳಕ್ಕೆ ಹೋಯಿತು. ಮೀನಿನ ಪೆಟ್ಟಿಗೆಯ ನೀರೂ ಹೋಯಿತು. ಮೀನುಗಳು ದೇವರ ಕೋಣೆಯ ತಾಮ್ರದ ಕೊಡಕ್ಕೆ, ಆಗ ತಾನೇ ಸೇದಿದ ಬಾವಿಯ ಸವಳು ನೀರಿಗೆ ಹೋದವು. ನೀನು ಬಾಗಿಲು ತೆಗೆದು ಹೊರಬಂದಾಗ ಕೊಡದ ಬಾಯಿಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಿನ್ನ ಅತ್ತೆ, “ನಾನ ಹಾಕೀನವ್ವ, ಬೈಯೂದಿದ್ರ ನನಗ ಬೈ” ಎಂದಳು. ನೀನು ಕೇಳಿದೆ. ನಾನೂ ಕೇಳಿದೆ. ಓಣಿಯಿಂದ ಓಡಿ ಬಂದ ಮಕ್ಬುಲಸಾಬ ಕೊಡ ನೋಡಿ ತಲೆ ತಲೆ ಬಡಿದುಕೊಂಡ. “ತಾಮ್ರದಾಗ ಮೀನ ಬದುಕೂದಿಲ್ರೀ, ವಿಷ ಇದ್ದಂಗ ಅದು” ಎನ್ನುತ್ತಲೇ ತನ್ನ ಮನೆಯ ಮಣ್ಣಿನ ಗಡಿಗೆಯಲ್ಲಿ ಕೆರೆಯ ನೀರು ತಂದು, ಇನ್ನೂ ಬಾಯಿ ಆಡಿಸುತ್ತಿದ್ದ ಮೂರನ್ನು ಅದರೊಳಗೆ ಬಿಟ್ಟ. ಹನ್ನೊಂದು ಹೋದವು. ನೀನು ಅವನ್ನು ಸೆರಗಿನಲ್ಲಿ ತುಂಬಿಕೊಂಡು ಹಿತ್ತಲಿನ ತುಳಸಿಯ ಬುಡದಲ್ಲಿ ಹೂಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ನೀನು ಹೋದ ಮೇಲೆ ಆ ಮೂರರಲ್ಲಿ ಒಂದು ವಾರದೊಳಗೆ ಎರಡು ಸತ್ತವು. ಉಳಿದದ್ದು ಒಂದೇ. ಬಾಲ ಸ್ವಲ್ಪ ಹರಿದದ್ದು, ನೀನು ‘ಚೂಟಿ’ ಎನ್ನುತ್ತಿದ್ದೆಯಲ್ಲ, ಅದೇ. ಪೆಟ್ಟಿಗೆಯಲ್ಲಿ ಹಾಕಿದರೆ ಒಂದು ಮೂಲೆ ಹಿಡಿದು ಕಲ್ಲಿನ ಹಿಂದೆ ನಿಂತುಬಿಟ್ಟಿತು. ನುಚ್ಚು ಹಾಕಿದರೆ ಮೂಸಲಿಲ್ಲ. ಮೈಯ ನೀಲಿ ಹೋಯಿತು, ಹೊನ್ನಿನ ಎಳೆ ಹೋಯಿತು, ಬೂದಿ ಬಣ್ಣಕ್ಕೆ ತಿರುಗಿತು. ರೋಗವಿರಬೇಕೆಂದು ನಾನು ಅರಿಷಿಣ ಹಾಕಲು ಹೋದೆ. ಮಕ್ಬುಲಸಾಬ ಕೈ ಹಿಡಿದ. “ರೋಗಲ್ರೀ ಸಾಹೇಬ್ರ, ಒಂಟಿ ಆಗೈತದು. ಇವು ಗುಂಪಿನ ಜೀವ. ಜತಿ ಇಲ್ಲದಿದ್ರ ಉಣ್ಣೂದಿಲ್ಲ, ಬಣ್ಣಾನೂ ಬಿಡತಾವ” ಎಂದ. ಶೇಖರವ್ವ, ಅಂದು ನಾನು ಆ ಪೆಟ್ಟಿಗೆಯ ಮುಂದೆ ಮೊದಲ ಸಲ ಚಾಪೆ ಹಾಕಿ ಕುಳಿತೆ. ಹೊಳೆದಂಡೆಯ ಹುಡುಗಿಯೊಬ್ಬಳನ್ನು ತಂದು ಒಣ ಊರಿನ ಮನೆಯಲ್ಲಿ ಬಿಟ್ಟು, ಮೂಲೆಯಲ್ಲಿ ಯಾಕೆ ನಿಂತಿದ್ದೀಯೆಂದು ಗದರಿದ್ದೆನಲ್ಲ, ಅದು ನೆನಪಾಗಿ ಭಾಳ ಕೆಟ್ಟದೆನಿಸಿತು. ಮಾರನೆಯ ದಿನವೇ ಬಂಡಿ ಕಟ್ಟಲು ಹೇಳಿದೆ.

ದಸರೆಯ ಮರುದಿನ ಹೊರಟು, ಕನಕಗಿರಿಯಲ್ಲಿ ಒಂದು ವಸತಿ, ಗಂಗಾವತಿಯಲ್ಲಿ ಒಂದು ವಸತಿ ಮಾಡಿ ನಾನೂ ಮಕ್ಬುಲಸಾಬನೂ ನಿಮ್ಮ ಗಡ್ಡೆಯ ಎದುರಿನ ದಂಡೆಗೆ ಬಂದಿದ್ದೆವು. ಮುದುಕನೊಬ್ಬ ಧೋತರದ ಕಚ್ಚೆ ಮೇಲೆ ಕಟ್ಟಿ, ರುಮಾಲು ಬಿಚ್ಚಿ ನೀರಿನಲ್ಲಿ ಬಲೆಯಂತೆ ಹಿಡಿದು, ಕಾಲುವೆಯಲ್ಲಿ ಮೊಣಕಾಲುದ್ದ ನಿಂತಿದ್ದ ಎಂದು ಯಾರಾದರೂ ನಿನಗೆ ಹೇಳಿದ್ದರೆ, ಆ ಮುದುಕ ನಾನೇ. ಎರಡು ಸಲ ಜಾರಿ ಬಿದ್ದೆ. ಗಿರ್ದಾವರ ಸಾಹೇಬರು ಕಾಲುವೆಯ ತಪಾಸಣೆಗೆ ಬಂದಿದ್ದಾರೆಂದು ಭತ್ತದ ಗದ್ದೆಯ ಇಬ್ಬರು ರೈತರು ಕೈಮುಗಿದು ನಿಂತರು, ಅವರ ಮುಂದೆಯೇ ಬಿದ್ದೆ. ಮೀನು ಹಿಡಿದು ಗಡಿಗೆಗೆ ಬಿಟ್ಟ ಮೇಲೆ ಮಕ್ಬುಲಸಾಬ, “ಹರಗೋಲ ಐತ್ರಿ, ದಾಟಿ ಹೋಗಿ ಸೊಸಿನ್ನ ಮಾತಾಡಿಸಿ ಬರ್ರಿ” ಎಂದ. ಆಗಲೇ ನಿನ್ನನ್ನು ಕಂಡೆ. ಆಚೆ ದಂಡೆಯ ಬಂಡೆಯ ಮೇಲೆ ಹಸಿರು ಸೀರೆ ಉಟ್ಟು ಕುಳಿತು, ಎರಡೂ ಕಾಲು ನೀರಿಗೆ ಬಿಟ್ಟಿದ್ದೆ. ಮೀನು ಬಂದು ಬೆರಳು ಕಚ್ಚುತ್ತಿದ್ದವೋ ಏನೋ, ಒಬ್ಬಳೇ ನಗುತ್ತಿದ್ದೆ. ನಮ್ಮ ಮನೆಯಲ್ಲಿ ಎರಡು ವರ್ಷದಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ. ಹರಗೋಲಿನವನಿಗೆ ಬೇಡವೆಂದು ಕೈಯಾಡಿಸಿ ಬಂಡಿ ತಿರುಗಿಸಿದೆ.

ಹಿಡಿದದ್ದು ಇಪ್ಪತ್ತೆರಡು. ಎರಡು ಗಡಿಗೆಗಳ ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಹಸಿ ಹುಲ್ಲಿನಲ್ಲಿ ಹುಗಿದು, ಬಂಡಿಯ ನಡುವೆ ಇಟ್ಟುಕೊಂಡು ಬಂದೆವು. ಕನಕಗಿರಿಯಲ್ಲಿ ನೀರು ಬೆಚ್ಚಗಾಗಿದೆ ಎಂದು ನಾನು ಅಲ್ಲಿಯ ಬಾವಿ ನೀರು ಸುರಿಯಲು ಕೊಡ ಎತ್ತಿದರೆ, ಮಕ್ಬುಲಸಾಬ ನನ್ನ ಮುಖವನ್ನೇ ನೋಡಿದ. ಕೊಡ ಕೆಳಗಿಟ್ಟೆ. ಕಾಲುವೆಯ ನೀರನ್ನೇ ಬೇರೊಂದು ಗಡಿಗೆಯಲ್ಲಿ ತಂದಿದ್ದನಂತೆ, ಅದನ್ನೇ ತಂಪು ಮಾಡಿ ಹಾಕಿದ. ಹದಿನೇಳು ಜೀವಂತ ಮನೆ ಮುಟ್ಟಿದವು. ಇಲ್ಲಿಂದ ಮುಂದಿನದು ನಿನ್ನ ಅತ್ತೆಯ ಕೆಲಸ, ನಾನು ಸಾಕ್ಷಿ ಮಾತ್ರ. ಹೊಸ ಮೀನನ್ನು ನೇರ ಪೆಟ್ಟಿಗೆಗೆ ಸುರಿಯಲು ನಾನು ಗಡಿಗೆ ಬಗ್ಗಿಸಿದ್ದೆ. ಅವಳು ಅಡ್ಡ ಬಂದಳು. “ಹೊಸ ನೀರ ಸೊಸಿಗೇ ವರ್ಷಗಟ್ಟಲೆ ಒಗ್ಗೂದಿಲ್ಲ, ಮೀನಿಗೆ ಒಂದ ದಿನದಾಗ ಒಗ್ಗತೈತೇನ್ರಿ?” ಎಂದಳು. ಒಂದು ಸೌಟು ನಮ್ಮ ಬಾವಿ ನೀರು ಮುಂಜಾನೆ, ಒಂದು ಸೌಟು ಸಂಜೆ, ಹೀಗೆ ಒಂಬತ್ತು ದಿನ ಗಡಿಗೆಯ ನೀರಿಗೆ ಬೆರೆಸುತ್ತ ಹೋದಳು. ಬಾವಿಯ ನೀರನ್ನೂ ಹಿಂದಿನ ದಿನವೇ ಸೇದಿ, ಮಣ್ಣಿನ ಬಾನಿಯಲ್ಲಿ ಬಿಸಿಲಿಗಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನದನ್ನಷ್ಟೇ ತೆಗೆಯುತ್ತಿದ್ದಳು. ಹತ್ತನೆಯ ದಿನ ಪೆಟ್ಟಿಗೆಗೆ ಬಿಟ್ಟೆವು. ಒಂದೂ ಸಾಯಲಿಲ್ಲ. ಚೂಟಿ ಕಲ್ಲಿನ ಹಿಂದಿನಿಂದ ಒಂದು ಸಲ ಇಣುಕಿತು, ಹಿಂದೆ ಸರಿಯಿತು, ಮತ್ತೆ ಇಣುಕಿತು. ನಾನು ಎಲೆಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಗುಂಪಿನ ನಡುವೆ ಸೇರಿಕೊಂಡಿತ್ತು. ಸಂಜೆಯ ಹೊತ್ತಿಗೆ ಅದರ ಮೈಗೆ ನೀಲಿ ಮರಳಿ ಬಂತು. ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ, ಉತ್ಪ್ರೇಕ್ಷೆ ಏನೂ ಇಲ್ಲ.

ಈಗ ಹದಿನೆಂಟು ಇವೆ. ಏನು ಹೇಳಲಿ ತಂಗಿ! ಇಷ್ಟು ದಿನ ಬಟ್ಟೆ ಹೊದಿಸಿ ಇಡಿಸಿದೆನಲ್ಲ ಎಂದು ನನಗೆ ನಾನೇ ಬೈದುಕೊಳ್ಳುತ್ತೇನೆ. ಪೆಟ್ಟಿಗೆಯನ್ನು ಪಡಸಾಲೆಯ ಬೆಳಕಿಂಡಿಯ ಕೆಳಗೆ ಇಟ್ಟಿದ್ದೇವೆ. ಮುಂಜಾನೆ ಒಂಬತ್ತರ ಸುಮಾರಿಗೆ ಮಾಳಿಗೆಯ ಆ ಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿದು ನೀರಿಗೆ ಬೀಳುತ್ತದೆ. ಬೆರಳುದ್ದದ ಮೀನುಗಳು, ಹಸಿರು ಬೆನ್ನು, ಪಕ್ಕೆಗೆ ನೀಲಿ ಪಟ್ಟಿ, ಪಟ್ಟಿಯ ಎರಡೂ ಕಡೆ ಹೊನ್ನಿನ ಎಳೆ, ಹೊಟ್ಟೆಗೆ ತುಸು ಕೆಂಪು. ಎಲ್ಲವೂ ಒಟ್ಟಿಗೆ ಆ ಬಿಸಿಲು ದಾಟುವಾಗ ಇಳಕಲ್ಲಿನ ಹೊಸ ಸೀರೆಯ ದಡಿಯನ್ನು ಯಾರೋ ನೀರಿನಲ್ಲಿ ಎಳೆದ ಹಾಗೆ ಕಾಣುತ್ತದೆ. ನಾನು ಕೆಮ್ಮಿದರೆ ಸಾಕು, ಹದಿನೆಂಟೂ ಒಂದೇ ಕ್ಷಣಕ್ಕೆ ತಿರುಗುತ್ತವೆ. ಒಂದರ ಮೈ ಇನ್ನೊಂದಕ್ಕೆ ತಾಗುವುದಿಲ್ಲ. ಮೂವತ್ತೊಂದು ವರ್ಷ ಹುಕುಂ ಕೊಟ್ಟವನು ನಾನು. ಹತ್ತು ಜನ ಓಲೇಕಾರರನ್ನು ಒಂದು ಸಾಲಿನಲ್ಲಿ ನಿಲ್ಲಿಸಬೇಕಾದರೆ ಗಂಟಲು ಹರಿಯುತ್ತಿತ್ತು. ಇಲ್ಲಿ ಹುಕುಂ ಕೊಡುವವರು ಯಾರು ಎಂದು ಎಂಟು ದಿನ ಕುಳಿತು ನೋಡಿದೆ. ಮುಂದಿದ್ದದ್ದೇ ಮುಖಂಡ ಇರಬೇಕೆಂದು ಗುರುತು ಹಾಕಿಕೊಂಡರೆ, ಗುಂಪು ಹೊರಳಿದ ಕೂಡಲೇ ಮುಂದಿದ್ದದ್ದು ಹಿಂದಾಗುತ್ತದೆ, ಕಟ್ಟಕಡೆಯದು ಮುಂದಾಗುತ್ತದೆ. ಒಂದು ದಿನ ಚೂಟಿಯೇ ಎಲ್ಲಕ್ಕೂ ಮುಂದಿತ್ತು, ಹರಿದ ಬಾಲದ್ದು! ಅಲ್ಲಿ ಪಟೇಲನೂ ಇಲ್ಲ, ಗಿರ್ದಾವರನೂ ಇಲ್ಲ. ಪಕ್ಕದ್ದರ ಮೇಲೆ ಕಣ್ಣಿಟ್ಟಿರುತ್ತವೆ ಅಷ್ಟೇ. ಈ ವಿಷಯವನ್ನು ಕಳಕಪ್ಪನಿಗೆ ಹೇಳಿದರೆ, “ಇದನ್ನ ಶೇಖರಮ್ಮ ಹೋದ ವರ್ಷಾನ ಹೇಳಿದ್ಲಪ್ಪ, ನೀವು ಕೇಳಲಿಲ್ಲ” ಎಂದ. ಹೌದು, ಕೇಳಲಿಲ್ಲ. ನೀನು ನನಗಿಂತ ಚುರುಕಿನವಳು, ಇದನ್ನು ಒಪ್ಪಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ.

ನಿನ್ನ ಅತ್ತೆ ಅವನ್ನು ಮೀನು ಎನ್ನುವುದಿಲ್ಲ. ದೇವರ ಕೋಣೆ ಎದುರಿಗೇ ಇರುವುದರಿಂದ ಆ ಮಾತು ಬಾಯಲ್ಲಿ ಬರಬಾರದಂತೆ. ‘ಗಂಗವ್ವನ ಮಕ್ಕಳ’ ಎನ್ನುತ್ತಾಳೆ. “ಗಂಗವ್ವನ ಮಕ್ಕಳ ಉಂಡಾವೇನ್ರಿ?” ಎಂದು ಕೇಳಿಯೇ ನನ್ನ ತಾಟಿಗೆ ರೊಟ್ಟಿ ಹಾಕುವುದು. ಜೋಳದ ನುಚ್ಚನ್ನು ಮತ್ತೆ ಅರೆದು, ಜರಡಿ ಹಿಡಿದು, ಚಿಟಿಕೆಯಷ್ಟೇ ಹಾಕುತ್ತಾಳೆ. ನಾನು ಇನ್ನೊಂದು ಚಿಟಿಕೆ ಹಾಕಲು ಹೋದರೆ ಕೈಗೆ ಹೊಡೆಯುತ್ತಾಳೆ, ಉಳಿದದ್ದು ನೀರು ಕೆಡಿಸುತ್ತದಂತೆ. ವಾರಕ್ಕೆ ಎರಡು ಸಲ ಮಕ್ಬುಲಸಾಬ ಒಂದು ಬಟ್ಟಲಿನಲ್ಲಿ ಏನೋ ತಂದು ಪೆಟ್ಟಿಗೆಗೆ ಹಾಕುತ್ತಾನೆ. ಸೊಳ್ಳೆಯ ಮರಿಗಳೆಂದು ಜನ ಹೇಳುತ್ತಾರೆ. ಆ ಹೊತ್ತಿಗೆ ನಿನ್ನ ಅತ್ತೆ ಹಿತ್ತಲಿಗೆ ಹೋಗುತ್ತಾಳೆ, ನಾನು ಪಂಚಾಂಗ ಓದುತ್ತಿರುತ್ತೇನೆ, ಇಬ್ಬರೂ ನೋಡಿಲ್ಲ. ಆದರೆ ಅದನ್ನು ತಿಂದ ಮಾರನೆಯ ದಿನ ಅವುಗಳ ಬಣ್ಣವೇ ಬಣ್ಣ! ಓಣಿಯ ಹೆಂಗಸರು ನೀರು ತರುವ ನೆಪದಲ್ಲಿ ಬಂದು ನೋಡಿಹೋಗುತ್ತಾರೆ. ಮಕ್ಬುಲಸಾಬನ ಹೆಂಡತಿ ಜೋಹರಾಬಿಯಂತೂ ಬಂದರೆ ಏಳುವುದಿಲ್ಲ. “ಶೇಖರವ್ವ ನೋಡಿದ್ರ ಎಷ್ಟ ಖುಷಿ ಪಡತಿದ್ಲ” ಎಂದು ದಿನಾ ಒಂದು ಸಲ ಹೇಳುತ್ತಾಳೆ. ಆಗ ನಿನ್ನ ಅತ್ತೆ ಒಲೆಯ ಕಡೆ ತಿರುಗಿ ಉರಿ ಸರಿಮಾಡುತ್ತಾಳೆ.

ಈ ಕಾಗದ ಬರೆಯಲು ಕಾರಣವಾದದ್ದು ಐದು ದಿನದ ಹಿಂದಿನ ಮಾತು. ಗೌರಿ ಹುಣ್ಣಿಮೆಯ ಮುಂಜಾನೆ ಬಿಸಿಲು ಬಿದ್ದಾಗ ಎರಡು ಮೀನು ಒಂದರ ಹಿಂದೊಂದು ನೀರುಹುಲ್ಲಿನ ಸುತ್ತ ಓಡಾಡಿದವು. ಹೋಗಿ ನೋಡಿದರೆ ಹುಲ್ಲಿಗೆ ರವೆಕಾಳಿನಂಥ ಮೊಟ್ಟೆಗಳು ಅಂಟಿಕೊಂಡಿದ್ದವು. ಹೆತ್ತವೇ ಅವನ್ನು ತಿಂದುಬಿಡುತ್ತವೆಂದು ಮಕ್ಬುಲಸಾಬ ಹೇಳಿದ. ನಿನ್ನ ಅತ್ತೆ ಕೂಡಲೇ ಆ ಹುಲ್ಲನ್ನು ಮೆಲ್ಲಗೆ ಎತ್ತಿ, ಪೆಟ್ಟಿಗೆಯದೇ ನೀರು ತುಂಬಿದ ಮಣ್ಣಿನ ಪರಾತಕ್ಕೆ ಬಿಟ್ಟು, ಬೆಕ್ಕು ಬರದಂತೆ ಅದರ ಪಕ್ಕದಲ್ಲೇ ಹಾಸಿಕೊಂಡಳು. ಮೊನ್ನೆ ಮರಿ ಒಡೆದಿವೆ. ರೆಪ್ಪೆಯ ಕೂದಲಿಗೆ ಎರಡು ಕಣ್ಣು ಅಂಟಿಸಿದರೆ ಎಷ್ಟಿರುತ್ತದೋ ಅಷ್ಟು. ನಾನು ಕನ್ನಡಕ ಏರಿಸಿ ಎಣಿಸಲು ಹೋಗಿ ಸೋತೆ. ಅವಳು ಪರಾತದ ನೀರಿಗೆ ಬೆರಳ ತುದಿ ಅದ್ದಿದಳು. ಮರಿಗಳು ಓಡಿಹೋಗುವ ಬದಲು ಬೆರಳಿನ ಸುತ್ತ ಕೂಡಿದವು. ಅವಳು ತನಗೆ ತಾನೇ ಎನ್ನುವ ಹಾಗೆ, “ಇವಕ್ಕರೆ ನನ್ನ ಕೈ ನಡೀತೈತಲ್ಲ” ಎಂದಳು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅಂದಿನಿಂದ ನನಗೆ ಊಟ ಸೇರಿಲ್ಲ.

ಶೇಖರವ್ವ, ನಿನ್ನ ಅತ್ತೆಗೆ ಬಾಯಿ ಜೋರು, ಒಪ್ಪುತ್ತೇನೆ. ನೀನು ಬಂದ ಹೊಸದರಲ್ಲಿ ರೊಟ್ಟಿ ದಪ್ಪವಾಯಿತೆಂದು ಓಣಿಗೆಲ್ಲ ಕೇಳುವ ಹಾಗೆ ಬೈದಿದ್ದಾಳೆ. ಆದರೆ ಒಂದು ಜೀವ ತೆಗೆಯುವ ಕೈ ಅದಲ್ಲ. ಈ ಓಣಿಯಲ್ಲಿ ಆ ಕೈಗೆ ಬಿದ್ದು ಎಣ್ಣೆನೀರು ಹಾಕಿಸಿಕೊಳ್ಳದ ಕೂಸಿಲ್ಲ. ಇದನ್ನು ಇನ್ನೂ ಬಿಡಿಸಿ ಬರೆಯಬೇಕೆಂದು ಎರಡು ಸಲ ಲೇಖನಿ ಅದ್ದಿದೆ, ಶಾಯಿ ಒಣಗಿತು. ಸದ್ಯ ಇಷ್ಟು ಸಾಕು.

ಮಕ್ಬುಲಸಾಬ ಗಂಗಾವತಿಗೆ ತಂಗಿಯ ಮನೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದವನ್ನೂ ಕೂಸಿಗೆಂದು ಒಂದು ಸಣ್ಣ ಕೌದಿಯನ್ನೂ ಕಳಿಸಿದ್ದೇನೆ. ಹಳೆಯ ಮೆತ್ತನೆಯ ಸೀರೆಗಳ ಕೌದಿ, ಕೂಸಿನ ಮೈಗೆ ಒರಟಾಗುವುದಿಲ್ಲ. ಅಂಚಿನಲ್ಲಿ ನೀಲಿ ಬಟ್ಟೆಯ ಸಣ್ಣ ತುಂಡುಗಳಿವೆ ನೋಡು, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿವೆ, ಎಣಿಸಿದರೆ ಹದಿನೆಂಟು. ಜೋಹರಾಬಿ ಹೊಲಿದು ಕೊಟ್ಟಳು. ನಿನ್ನ ಅಪ್ಪನಿಗೆ ನನ್ನ ಶರಣು ಹೇಳು, ತಾಯಿಗೆ ನಮಸ್ಕಾರ ಹೇಳು, ಅಣ್ಣನಿಗೆ ಆಶೀರ್ವಾದ. ಕಳಕಪ್ಪ ಎಳ್ಳಮಾಸಿ ಹಬ್ಬಕ್ಕೆ ಬರುತ್ತೇನೆಂದಿದ್ದಾನೆ, ಅವನ ಮೇಲೆ ಸಿಟ್ಟು ಮಾಡಬೇಡ, ಅವನದೇನೂ ತಪ್ಪಿಲ್ಲ. ಹೊಳೆಯ ತಾಯಿ ನಿನ್ನನ್ನೂ ನಿನ್ನ ಹೊಟ್ಟೆಯ ಕುಡಿಯನ್ನೂ ಬೇರೆ ಬೇರೆ ಮಾಡಿ, ಎರಡನ್ನೂ ಗಟ್ಟಿಯಾಗಿ ನಮಗೆ ತೋರಿಸಲಿ.

ನಿನ್ನ ಮಾವ,
ಹೇಮಪ್ಪ

ತಾ.ಕ.: ಮಕ್ಬುಲಸಾಬ ಎತ್ತು ಹೂಡಿ ಹೊರಗೆ ನಿಂತು ಕೂಗುತ್ತಿದ್ದಾನೆ. ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಶೇಖರವ್ವ, ಗ್ರಹಣದ ದಿನ ಮೀನುಗಳನ್ನು ಆ ಕೊಡಕ್ಕೆ ಹಾಕಿದವನು ನಾನು. ನಿನ್ನ ಅತ್ತೆ ಆಗ ಬಾವಿಯ ಹತ್ತಿರ ಸ್ನಾನ ಮಾಡುತ್ತಿದ್ದಳು. ನೀನಿಟ್ಟ ಗರಿಕೆ ತೆಗೆದವನು ನಾನು, ನೀರು ಚೆಲ್ಲಿದವನು ನಾನು, ತಾಮ್ರಕ್ಕಿಂತ ಮಡಿ ಯಾವುದಿದೆ ಎಂದು ನನ್ನ ಪೂಜೆಯ ಕೊಡವನ್ನೇ ತಂದವನೂ ನಾನು. ನೀನು ಬಾಗಿಲು ತೆಗೆದಾಗ ಅವಳು ಒದ್ದೆ ಸೀರೆಯಲ್ಲಿ ಬಂದು ನಿಂತಿದ್ದಳು. ಕೊಡ ನೋಡಿದಳು, ನನ್ನ ಮುಖ ನೋಡಿದಳು, ನನಗಿಂತ ಮೊದಲು ಬಾಯಿ ತೆಗೆದಳು. ಯಾಕೆಂದು ಆಮೇಲೆ ಕೇಳಿದರೆ, “ಸೊಸಿ ಮುಂದ ನೀವು ತಲಿ ತಗ್ಗಿಸೂದು ನನಗ ನೋಡಾಕ ಆಗೂದಿಲ್ರಿ” ಎಂದಳು. ಎರಡೂವರೆ ತಿಂಗಳು ನಾನು ಆ ಮಾತಿನ ಹಿಂದೆ ಬಚ್ಚಿಟ್ಟುಕೊಂಡೆ. ಕೌದಿಯನ್ನು ಹೊಲಿದವಳೂ ಜೋಹರಾಬಿಯಲ್ಲ. ತನ್ನ ಕೈಯದೆಂದು ಗೊತ್ತಾದರೆ ನೀನು ಕೂಸಿಗೆ ಹೊದಿಸಲಿಕ್ಕಿಲ್ಲವೆಂದು ನಿನ್ನ ಅತ್ತೆ ಹಾಗೆ ಬರೆಯಿಸಿದಳು. ಜೀವ ತೆಗೆದ ಕೈ, ಈ ಕಾಗದ ಬರೆದ ಕೈ. ಕೂಸನ್ನು ಮೊದಲು ಅವಳ ಕೈಗೆ ಕೊಡು. ನನ್ನ ಕೈಗೆ ಕೊಡುವುದು ಬಿಡುವುದು ಆಮೇಲೆ ನೀನೇ ನೋಡು.